ಓದದೆ ಕಳಿಸಿದ ಸಾವು

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಯಾರಾದರೂ ನೋಡಿಕೊಂಡು ಬರುತ್ತೇವೆ ಅಂತ ಹೊರಟೇಬಿಡುತ್ತೀರಿ. ಅಲ್ಲಿಗೆ ಬಸ್ಸಿಲ್ಲ. ಇರುವುದು ಒಂದೇ ಒಂದು ಉದ್ದನೆಯ ಬೀದಿ. ಬೀದಿಯ ಈ ತುದಿಗೆ ಕಾಲೇಜು, ಆ ತುದಿಗೆ ಮೇಷ್ಟ್ರ ಮನೆ, ನಡುವೆ ಊರು.

ಊರಿಗೆ ಒಂದು ನಿಯಮ. ಯಾರು ಮಾಡಿದರು, ಯಾವಾಗ ಮಾಡಿದರು ಅಂತ ಯಾರೂ ಕೇಳಿದವರಿಲ್ಲ. ಕಾಲೇಜಿನ ಹುಡುಗರು ಮೇಷ್ಟ್ರಿಗೆ ಇಮೇಲ್ ಬರೆದು ಗುಂಡಿ ಒತ್ತಿದರೆ ಸಾಕು, ಅದಕ್ಕೆ ಕೈಕಾಲು ಮೂಡುತ್ತದೆ. ಮೂಡಿ, ಬೀದಿಗಿಳಿದು, ತನ್ನೊಳಗೆ ಬರೆದಿದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಮೇಷ್ಟ್ರ ಮನೆಯ ತನಕ ನಡೆದು ಹೋಗುತ್ತದೆ. ಬರೆದ ಹಾಗೆ ಅದರ ರೂಪ. ಹೇಳಿದ ಹಾಗೆ ಊರಿಗೆ ನಿಜ. ಮೇಷ್ಟ್ರು ಉತ್ತರ ಕೊಟ್ಟು ಬೇರೆ ಮಾತು ಹೇಳುವವರೆಗೆ, ಮೊದಲು ಹೇಳಿದ ಮಾತಿಗೆ ಎದುರಿಲ್ಲ.

ಅಂಥ ಊರಿನಲ್ಲಿ ಕಟ್ಟೆಯ ಮೇಲೆ ಕೂತುಕೊಳ್ಳುವ ಸುಖ ಇದೆಯಲ್ಲ, ಸ್ವಾಮಿ, ಅದನ್ನು ಏನು ಹೇಳಲಿ! ಪಿಂಚಣಿ ಬರುವ ನಾಲ್ಕು ಜನ ಬೆಳಿಗ್ಗೆ ತಿಂಡಿ ಮುಗಿಸಿ ಬಂದು ಕೂತರೆ ಊಟದ ಹೊತ್ತಿನ ತನಕ ಏಳುವುದು ಸಾಧ್ಯವೇ ಇಲ್ಲ. ಅಗೋ ಬಂತು ನೋಡಿ, ವಿಷಯದ ಸಾಲು ಬರೆಯದ ಮೇಲ್. ಅದಕ್ಕೆ ಮುಖವೇ ಇಲ್ಲ. ಕುತ್ತಿಗೆಯ ಮೇಲೆ ನುಣ್ಣಗೆ ಒಂದು ಬೋಂಡ. ಅದರ ಹಿಂದೆ ಬಂತು, "ಇದರೊಂದಿಗೆ ಲಗತ್ತಿಸಿದ್ದೇನೆ" ಅಂತ ಬರೆದು ಏನನ್ನೂ ಲಗತ್ತಿಸದ ಮೇಲ್. ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬೀಗರ ಮನೆಗೆ ಹೊರಟ ಹಾಗೆ ಗತ್ತಿನಿಂದ ಬರುತ್ತದೆ. ಯಾರಾದರೂ ಬಟ್ಟೆ ಎತ್ತಿದರೆ ಬರೀ ತಟ್ಟೆ. ಅದಕ್ಕೇ ನಾಚಿಕೆಯಾಗಿ ವಾಪಸ್ ಓಡುತ್ತದೆ. ಇನ್ನು ಒಂದೊಂದು ವಾಕ್ಯಕ್ಕೂ ಸಾಲು ಸಾಲು ಉದ್ಗಾರ ಚಿಹ್ನೆ ಹಾಕಿದ ಮೇಲ್ ಬಂದರೆ ನಾವು ಕಾಲು ಮೇಲಕ್ಕೆತ್ತಿಕೊಳ್ಳಬೇಕು. ಎರಡೂ ಕೈಯಲ್ಲಿ ದೊಣ್ಣೆ ಬೀಸುತ್ತಲೇ ಬರುತ್ತದೆ, ಪಾಪ, ಕೇಳುವುದು ಮಾತ್ರ ಲೈಬ್ರರಿ ಕಾರ್ಡು. "ಕಿಲಾಡಿ ಕಿಂಗ್" ಅಂತ ವಿಳಾಸ ಇಟ್ಟುಕೊಂಡ ಹುಡುಗನ ಮೇಲ್ ಕಪ್ಪು ಕನ್ನಡಕ ಹಾಕಿಕೊಂಡು, ಶರ್ಟಿನ ಗುಂಡಿ ಬಿಚ್ಚಿಕೊಂಡು ಬಂದು ಹಾಜರಾತಿ ಕೊಡಿ ಅಂತ ಅಳುತ್ತದೆ.

ಬರೆದ ಹಾಗೆ ರೂಪ, ಹೇಳಿದ ಹಾಗೆ ನಿಜ. ಜ್ವರ ಅಂತ ಬರೆದವನನ್ನು ಅಕ್ಕಪಕ್ಕದವರು ಹಿಡಿದು ಮಲಗಿಸಿ ಕಷಾಯ ಕುಡಿಸುತ್ತಾರೆ. ಬಾಯಲ್ಲಿ ಥರ್ಮಾಮೀಟರು ಇಟ್ಟುಕೊಂಡೇ ಕೇರಂ ಆಡಿದವರನ್ನು ನಾನು ಕಂಡಿದ್ದೇನೆ.

ಈಗ ಕಥೆಗೆ ಬರುತ್ತೇನೆ.

ಒಬ್ಬ ವಿದ್ಯಾರ್ಥಿ ಇದ್ದ. ಕೆಟ್ಟವನಲ್ಲ. ಅಪ್ಪ ಅಮ್ಮನ ಜೊತೆಗೆ ಅಜ್ಜಿಯೂ ಇದ್ದ ಮನೆ. ಅಜ್ಜಿಯ ಕೈಯ ಊಟವೆಂದರೆ ಪ್ರಾಣ. ಮೇಷ್ಟ್ರು ಪ್ರಬಂಧ ಬರೆಯಲು ಹೇಳಿದ್ದರು, ಇವನು ಬರೆಯಲಿಲ್ಲ. ಕೊಡಬೇಕಾದ ದಿನದ ಬೆಳಿಗ್ಗೆ ಸೀನಿಯರನ ರೂಮಿಗೆ ಓಡಿದ. ಸೀನಿಯರ್ ಎಂದರೆ ಆ ಕಾಲೇಜಿನಲ್ಲಿ ಯಾವಾಗಲೂ ಇರುವವನು. ಯಾವ ವರ್ಷ ಸೇರಿದ ಅಂತ ಅವನಿಗೂ ನೆನಪಿಲ್ಲ.

"ಗುರೂ, ಎರಡು ದಿನ ಟೈಮ್ ಬೇಕು. ಏನು ಬರೀಲಿ?"

"ಬರಿಯೋದಾ?" ಸೀನಿಯರ್ ಮಲಗಿದಲ್ಲೇ ನಕ್ಕ. "ಲೇ ಮಗಾ, ಈ ಕಾಲೇಜಲ್ಲಿ ಯಾವನು ಬರ್ದಿದ್ದಾನೆ? ಒಂದು ಸ್ಯಾಂಪಲ್ ಇದೆ. ನನಗೆ ನನ್ನ ಸೀನಿಯರ್ ಕೊಟ್ಟ, ಅವನಿಗೆ ಅವನ ಸೀನಿಯರ್. ಹೆಸರು ಬದಲಾಯ್ಸು, ರೋಲ್ ನಂಬರ್ ಬದಲಾಯ್ಸು, ಒತ್ತು."

"ಒಳಗೆ ಏನಿದೆ?"

"ಒಳಗೆ ಏನಿದ್ರೆ ನಿನಗೇನು? ಕೆಲಸ ಮಾಡುತ್ತೆ."

ವಿದ್ಯಾರ್ಥಿ ಹೆಸರು ಬದಲಾಯಿಸಿದ. ರೋಲ್ ನಂಬರ್ ಬದಲಾಯಿಸಿದ. ಒತ್ತಿದ. ಒತ್ತಿ, ಹಸಿವಾಯಿತು ಅಂತ ಕ್ಯಾಂಟೀನಿಗೆ ಹೋದ.

ಆ ಸ್ಯಾಂಪಲ್ ಬೀದಿಗಿಳಿದದ್ದನ್ನು ನಾವು ಕಟ್ಟೆಯ ಮೇಲಿಂದ ನೋಡಿದೆವು. ಹಳೇ ಗುರುತು! ಎಷ್ಟು ಜನರ ಕೈ ದಾಟಿ ಬಂದಿತ್ತೋ, ಮೈ ತುಂಬ ತೇಪೆ. ಒಬ್ಬನ ಪ್ಯಾಂಟು, ಇನ್ನೊಬ್ಬನ ಅಂಗಿ, ಯಾವನದೋ ಮದುವೆಯ ಕೋಟು, ಎದೆಯ ಮೇಲೆ ಮಾತ್ರ ಹೊಸದಾಗಿ ಅಂಟಿಸಿದ ಹೆಸರು, ಅದೂ ಸೊಟ್ಟಗೆ. ಕಣ್ಣು ಒರೆಸಿಕೊಳ್ಳುತ್ತ, ಬಹಳ ಅಭ್ಯಾಸವಾದ ದನಿಯಲ್ಲಿ ಹೇಳುತ್ತ ಬಂತು:

"ನನ್ನ ಪ್ರೀತಿಯ ಅಜ್ಜಿಯವರು ದೀರ್ಘಕಾಲದ ಅಸೌಖ್ಯದಿಂದ ಇಂದು ಮುಂಜಾನೆ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇನೆ..."

ನಮ್ಮಲ್ಲೊಬ್ಬರು ಬಗ್ಗಿ ಎದೆಯ ಮೇಲಿನ ಹೆಸರು ಓದಿದರು. "ಅಯ್ಯೋ, ಇವನ ಅಜ್ಜಿ ಇದ್ದಾರಲ್ಲಯ್ಯಾ! ಈಗಷ್ಟೇ ಸೊಪ್ಪಿನವಳ ಹತ್ತಿರ ಜಗಳ ಆಡ್ತಿದ್ರು!"

ಇಷ್ಟು ದಿನ ಆ ಸ್ಯಾಂಪಲನ್ನು ಬಳಸಿದವರೆಲ್ಲ ತೀರಿಕೊಂಡ ಅಜ್ಜಿಯರ ಮೊಮ್ಮಕ್ಕಳು. ಸತ್ತವರು ಇನ್ನೊಮ್ಮೆ ಸತ್ತರೆ ಯಾರಿಗೂ ನಷ್ಟವಿಲ್ಲ ನೋಡಿ. ಇವನೊಬ್ಬನೇ ಓದದೆ ಕಳಿಸಿದವನು. ಆದರೆ ಮಾತು ಬೀದಿಗೆ ಬಿದ್ದಾಯಿತು. ಬರೆದ ಹಾಗೆ ರೂಪ, ಹೇಳಿದ ಹಾಗೆ ನಿಜ. ನಾವು ಎದ್ದು, ಪಂಚೆ ಕೊಡವಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಅವನ ಮನೆಗೆ ಹೋದೆವು.

ಅಜ್ಜಿ ಹಲಸಿನ ಹಪ್ಪಳ ಒಣಹಾಕುತ್ತಿದ್ದರು.

"ಏನು, ಎಲ್ಲ ಒಟ್ಟಿಗೆ ಬಂದ್ರಿ? ಯಾರು ಹೋದ್ರು?"

ಎದುರು ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು, "ನೀವೇ ಕಣಮ್ಮಾ. ಮುಂಜಾನೆ."

"ನಾನಾ? ನನಗೆ ಯಾರೂ ಹೇಳಲೇ ಇಲ್ವಲ್ಲೇ!"

"ಮೇಲ್ ಹೋಗಿದೆ ಅಜ್ಜಿ, ಮೇಷ್ಟ್ರಿಗೆ. ನಿಮ್ಮ ಮೊಮ್ಮಗನೇ ಹಾಕಿದ್ದಾನೆ."

ಒಳಗಿನಿಂದ ಸೊಸೆ ಬಂದಳು. ವಿಷಯ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅತ್ತೆಯ ಮುಖ ನೋಡಿದಳು, ನಮ್ಮ ಮುಖ ನೋಡಿದಳು. ಆಮೇಲೆ ಒಲೆ ಆರಿಸಿದಳು. ಸಾವಿನ ಮನೆಯಲ್ಲಿ ಒಲೆ ಉರಿಯುವ ಹಾಗಿಲ್ಲ, ಸತ್ತವರಿಗೆ ಬಡಿಸುವ ಹಾಗಿಲ್ಲ, ಮತ್ತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರನ್ನು ಚಟ್ಟದ ಮೇಲೆ ಊರಿನ ಬಡಗಣ ಬಾಗಿಲಿನ ಆಚೆಗೆ ಒಯ್ಯಬೇಕು. ಆ ಬಾಗಿಲು ದಾಟಿದವರು ಮರಳಿದ್ದಿಲ್ಲ.

"ಲೇ, ಒಂದು ಲೋಟ ಕಾಫಿಯಾದರೂ ಕೊಡೇ," ಅಂದರು ಅಜ್ಜಿ.

ಸೊಸೆ ಅಳುತ್ತ ನಿಂತಳು. "ಹೇಗೆ ಕೊಡಲಿ ಅತ್ತೆ? ನೀವು ಹೋಗಿಬಿಟ್ಟಿದ್ದೀರಿ."

"ಬದುಕಿದ್ದಾಗ ಸಕ್ಕರೆ ಕಮ್ಮಿ ಹಾಕ್ತಿದ್ದೆ. ಸತ್ತ ಮೇಲೆ ಕಾಫೀನೇ ಇಲ್ಲ."

ಅಷ್ಟರಲ್ಲಿ ಮೊಮ್ಮಗ ಓಡಿ ಬಂದ. ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ಅವನು ಬಿದಿರು ನೋಡಿದ, ಅಜ್ಜಿಯನ್ನು ನೋಡಿದ, ತಿರುಗಿ ಮೇಷ್ಟ್ರ ಮನೆಗೆ ಒಂದೇ ಉಸಿರಿಗೆ ಓಡಿದ. ಬಾಗಿಲು ಕಾಯುವವನು ಕೋಲು ಅಡ್ಡ ಹಿಡಿದ.

"ಅಣ್ಣಾ, ಬಿಡಣ್ಣಾ. ಒಂದೇ ಮಾತು ಸರ್ ಹತ್ರ ಹೇಳಬೇಕು."

"ಮೇಲ್ ಹಾಕಿ."

"ಅಲ್ಲೇ ಕಾಣ್ತಾ ಇದ್ದಾರಲ್ಲ, ಕಿಟಕೀಲಿ!"

"ಕಾಣ್ತಾರೆ. ಮೇಲ್ ಹಾಕಿ."

ವಿದ್ಯಾರ್ಥಿ ಬಾಗಿಲಲ್ಲೇ ನಿಂತು ಬರೆದು ಒತ್ತಿದ: "ಸರ್ ಅಜ್ಜಿ ಸತ್ತಿಲ್ಲ ಪ್ಲೀಸ್ ನೋಡಿ ಅರ್ಜೆಂಟ್". ವಿಷಯದ ಸಾಲಿಲ್ಲ, ನಮಸ್ಕಾರವಿಲ್ಲ, ಕೆಳಗೆ ಹೆಸರಿಲ್ಲ. ಬೋಂಡದ ತಲೆಯ ಒಂದು ಮೇಲ್ ಎದ್ದು ನಿಂತಿತು, ಒಳಗೆ ನುಗ್ಗಿತು, "ಅಜ್ಜಿ ಸತ್ತಿಲ್ಲ, ಅಜ್ಜಿ ಸತ್ತಿಲ್ಲ" ಅಂತ ಕೂಗಿತು.

"ಯಾರ ಅಜ್ಜಿ?" ಅಂದ ಬಾಗಿಲು ಕಾಯುವವನು.

ಮೇಲಿಗೆ ಗೊತ್ತಿಲ್ಲ. ಬರೆದಿದ್ದರೆ ತಾನೇ ಗೊತ್ತಿರುವುದು.

"ಹೋಗು, ಆ ಕಡೆ ಕೂತ್ಕೋ." ಮೇಷ್ಟ್ರ ಹಜಾರದಲ್ಲಿ ಮುಖವಿಲ್ಲದವುಗಳದ್ದೇ ಒಂದು ಚಾಪೆ. ಅದೂ ಹೋಗಿ ಅಲ್ಲಿ ಕೂತಿತು. ವಿದ್ಯಾರ್ಥಿ ಬಾಗಿಲಿಂದಲೇ "ನನ್ನ ಅಜ್ಜಿ, ನನ್ನ ಅಜ್ಜಿ!" ಅಂತ ಕಿರುಚಿದ. ಬಾಗಿಲು ಕಾಯುವವನು ಕಿವಿ ಮುಚ್ಚಿಕೊಂಡು ಅಂದ, "ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲಪ್ಪಾ."

ಮನೆಗೆ ಬಂದರೆ ಸೋದರಮಾವ ಕಾದಿದ್ದ. ಸರಕಾರಿ ಕಚೇರಿಯಲ್ಲಿ ಅರ್ಜಿ ಬರೆದು ಬರೆದು ಬೆನ್ನು ಬಾಗಿದವನು. "ಹಾಗೆಲ್ಲ ಬರೀತಾರೇನೋ ದೊಡ್ಡವರಿಗೆ? ಕೊಡು ಇಲ್ಲಿ," ಅಂತ ತಾನೇ ಹೇಳಿ ಬರೆಸಿದ. ಪರಮಪೂಜ್ಯರೂ ವಿದ್ಯಾವಾರಿಧಿಗಳೂ ಆದ ತಮ್ಮ ಪಾದಾರವಿಂದಗಳಲ್ಲಿ ಸಾಷ್ಟಾಂಗ ಪ್ರಣಾಮಗಳು, ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ, ಈ ಅಲ್ಪನನ್ನು ಅನ್ಯಥಾ ಭಾವಿಸದೆ...

ಒತ್ತಿದರು. ಜರತಾರಿ ಶಾಲು ಹೊದ್ದ, ಶಾಲಿನ ಮೇಲೆ ಶಾಲು ಹೊದ್ದ, ಭಾರೀ ಮೈಯ ಮೇಲ್ ಬೀದಿಗಿಳಿಯಿತು. ಇಳಿದು ಒಂದು ಹೆಜ್ಜೆ ಇಟ್ಟಿತು. ಅಡ್ಡಬಿದ್ದಿತು. ಎದ್ದಿತು. ಇನ್ನೊಂದು ಹೆಜ್ಜೆ ಇಟ್ಟಿತು. ಅಡ್ಡಬಿದ್ದಿತು. ನಾವು ಕಟ್ಟೆಗೆ ಮರಳಿ ಕೂತು ನೋಡಿದೆವು. ಬಿಸಿಲು ನೆತ್ತಿಗೆ ಬಂದರೂ ಅದು ಹಿಟ್ಟಿನ ಗಿರಣಿ ದಾಟಿರಲಿಲ್ಲ. ಒಂದು ನಾಯಿ ಅದರ ಜೊತೆ ಸ್ವಲ್ಪ ದೂರ ನಡೆದು ಬೇಜಾರಾಗಿ ಮಲಗಿಕೊಂಡಿತು. ಅಜ್ಜಿಯ ಸುದ್ದಿ ಎಲ್ಲೋ ಕೊನೆಯ ಶಾಲಿನ ಒಳಗೆ, ಸೊಂಟದ ಹತ್ತಿರ ಸಿಕ್ಕಿಕೊಂಡಿತ್ತು.

ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿಯಿತು.

ವಿದ್ಯಾರ್ಥಿಗೆ ತಲೆ ಕೆಟ್ಟಿತು. ಮೂರನೆಯದನ್ನು ಬರೆದ, ಈ ಸಲ ಹೆಸರೂ ಹಾಕಿದ, ವಿಷಯವನ್ನೂ ಹಾಕಿದ. ಆದರೆ ಮೇಷ್ಟ್ರೊಬ್ಬರಿಗೆ ಕಳಿಸುವ ಗುಂಡಿಯ ಪಕ್ಕದಲ್ಲೇ ಎಲ್ಲರಿಗೂ ಕಳಿಸುವ ಗುಂಡಿ ಇರುತ್ತದಲ್ಲ, ಯಾವ ಪುಣ್ಯಾತ್ಮ ಇಟ್ಟನೋ, ಅದನ್ನೇ ಒತ್ತಿದ.

ಸ್ವಾಮಿ, ಮನೆಮನೆಯ ಬಾಗಿಲಲ್ಲೂ ಒಂದೊಂದು ಮೇಲ್ ಬಂದು ನಿಂತಿತು. ಕ್ಷೌರದಂಗಡಿಯಲ್ಲಿ ಒಂದು, ಹಾಲಿನ ಡೈರಿಯಲ್ಲಿ ಒಂದು. ಬಚ್ಚಲಲ್ಲಿದ್ದವರಿಗೆ ಕಿಟಕಿಯಲ್ಲಿ. ಎಲ್ಲವೂ "ನನ್ನ ಅಜ್ಜಿ ಬದುಕಿದ್ದಾರೆ" ಅಂತ ಒಂದೇ ರಾಗದಲ್ಲಿ. ಊರು ನಂಬಿತೇ? ಇಲ್ಲ. ಮೊದಲ ಮಾತಿಗೆ ಮೇಷ್ಟ್ರ ಉತ್ತರ ಬಂದಿಲ್ಲವಲ್ಲ. ಆದರೆ ಊರಿನವರು ಸುಮ್ಮನಿದ್ದರೇ? ಅದೂ ಇಲ್ಲ. "ಇದನ್ನು ನನಗೇಕೆ ಕಳಿಸಿದಿರಿ?" ಅಂತ ಒಬ್ಬರು ಎಲ್ಲರಿಗೂ ಕಳಿಸಿದರು. "ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ" ಅಂತ ಇನ್ನೊಬ್ಬರು ಎಲ್ಲರಿಗೂ. "ಓಂ ಶಾಂತಿ" ಅಂತ ಮತ್ತೊಬ್ಬರು ಎಲ್ಲರಿಗೂ. "ದಯಮಾಡಿ ಎಲ್ಲರಿಗೂ ಕಳಿಸಬೇಡಿ" ಅಂತ, ಹೌದು, ಎಲ್ಲರಿಗೂ ಕಳಿಸಿದವರು ನಮ್ಮ ಕಟ್ಟೆಯವರೇ. ಬೀದಿಯಲ್ಲಿ ಎಳ್ಳು ಹಾಕಲು ಜಾಗವಿಲ್ಲ. ಮೇಲ್‌ಗಳು ಮೇಲ್‌ಗಳನ್ನು ತುಳಿದವು. ಆ ಶಾಲಿನ ಮೇಲ್ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಮೇಷ್ಟ್ರು ಕಿಟಕಿ ಮುಚ್ಚಿಕೊಂಡರು.

ವಿದ್ಯಾರ್ಥಿ ಮನೆಯ ಜಗಲಿಯ ಮೇಲೆ ಕುಸಿದು ಕೂತ. ಅಜ್ಜಿ ಅಲ್ಲೇ ಇದ್ದರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಮಾತಾಡಿಸುವವರಿಲ್ಲ. ಸ್ವಂತ ಮಗನೇ ತಲೆ ಬೋಳಿಸಿಕೊಳ್ಳಲು ಹೋಗಿದ್ದ.

"ಲೋ," ಅಂದರು ಅಜ್ಜಿ, "ಏನಂತ ಬರೆದೆಯೋ ನನ್ನ ಬಗ್ಗೆ? ಓದು, ನಾನೂ ಕೇಳ್ತೀನಿ."

"ಬೇಡ ಅಜ್ಜಿ."

"ಸತ್ತಿರೋಳು ನಾನು. ನನಗೆ ಕೇಳೋ ಹಕ್ಕಿಲ್ವಾ?"

ಅವನು ಆ ಸ್ಯಾಂಪಲನ್ನು ತೆಗೆದ. ಅವತ್ತಿನ ತನಕ ಅದನ್ನು ಕಳಿಸಿದವರು ಅನೇಕರು, ದನಿಯೆತ್ತಿ ಓದಿದವನು ಇವನೇ ಮೊದಲು.

"ನನ್ನ ಪ್ರೀತಿಯ ಅಜ್ಜಿಯವರು ದೀರ್ಘಕಾಲದ ಅಸೌಖ್ಯದಿಂದ..."

"ದೀರ್ಘಕಾಲದ ಅಸೌಖ್ಯ? ಮಂಡಿನೋವು ಬಿಟ್ರೆ ನನಗೇನೋ ರೋಗ?"

"...ಅವರು ನನ್ನ ಬಾಳಿನ ದಾರಿದೀಪವಾಗಿದ್ದು, ಅವರ ಅಗಲಿಕೆಯಿಂದ ತುಂಬಲಾರದ ನಷ್ಟ..."

"ಯಾರ ಅಜ್ಜೀನೋ ಇವಳು? ದೀಪವಂತೆ! ನಿನ್ನೆ ರಾತ್ರಿ ನಿನ್ನ ಮೊಬೈಲು ಕಿತ್ತು ಅಕ್ಕಿ ಡಬ್ಬಕ್ಕೆ ಹಾಕಿದೋಳು ನಾನು. ಅದು ಎಲ್ಲಿ ಬರೆದಿದ್ದೀಯಾ?"

ಹುಡುಗ ನಗಲು ಹೋದ, ಆಗಲಿಲ್ಲ.

"ಇದರಲ್ಲಿ ನೀವೇ ಇಲ್ಲ ಅಜ್ಜಿ," ಅಂದ.

"ನೀನೂ ಇಲ್ಲ ಕಣೋ," ಅಂದರು ಅಜ್ಜಿ. "ಏನು ಬರೀತೀಯೋ ಬೇಗ ಬರಿ. ನನಗೆ ಹಸಿವು."

ಅವನು ಹಿಂದಿನದ್ದನ್ನೆಲ್ಲ ಅಳಿಸಿದ. ಖಾಲಿ ಬಿಳುಪಿನ ಎದುರು ಕೂತ. ಯಾರ ಮಾತೂ ಕೈಯಲ್ಲಿಲ್ಲದೆ ಕೂರುವುದು ಅವನಿಗೆ ಅದೇ ಮೊದಲು, ಬೆವರಿದ. ಆಮೇಲೆ ಬರೆದ.

ವಿಷಯ: ನನ್ನ ಅಜ್ಜಿ ಬದುಕಿದ್ದಾರೆ, ಬೆಳಿಗ್ಗೆ ಕಳಿಸಿದ್ದು ಸುಳ್ಳು.

ಸರ್, ನಮಸ್ಕಾರ. ನಾನು ಎರಡನೇ ವರ್ಷದ ವಿದ್ಯಾರ್ಥಿ, ಕಿಟಕಿಯ ಪಕ್ಕ ಕೂರುವವನು. ಬೆಳಿಗ್ಗೆ ಕಳಿಸಿದ ಮೇಲ್ ನಾನು ಬರೆದದ್ದಲ್ಲ, ಕಳಿಸುವ ಮೊದಲು ಓದಿಯೂ ಇಲ್ಲ. ಪ್ರಬಂಧವನ್ನೂ ಬರೆದಿಲ್ಲ, ಕೇರಂ ಆಡಿದೆ. ಅದಕ್ಕೆ ಸೊನ್ನೆ ಕೊಡಿ. ನನ್ನ ಅಜ್ಜಿಯನ್ನು ದೀಪ ಹಚ್ಚುವ ಹೊತ್ತಿಗೆ ಒಯ್ಯುತ್ತಾರೆ. ಅಷ್ಟರೊಳಗೆ ನಿಮ್ಮ ಉತ್ತರ ಬೇಕು. ಒಂದೇ ಪದ ಸಾಕು.

ಕೆಳಗೆ ತನ್ನ ಹೆಸರು. ಯಾರಿಗೆ ಹೋಗುತ್ತಿದೆ ಅಂತ ಮೇಲೆ ನೋಡಿದ. ಇನ್ನೊಮ್ಮೆ ಓದಿದ. ಒತ್ತಿದ.

ಎದ್ದು ನಿಂತದ್ದು ಒಬ್ಬ ಸಾಧಾರಣ ಮನುಷ್ಯ. ಒಗೆದ ಅಂಗಿ, ಬಾಚಿದ ತಲೆ, ನೋಡಿದರೆ ನೆನಪಿನಲ್ಲಿ ಉಳಿಯುವಂಥದ್ದೇನೂ ಇಲ್ಲ. ಆ ಸಂತೆಯ ನಡುವೆ "ಸ್ವಲ್ಪ ದಾರಿ ಬಿಡಿ" ಅಂತ ಹೇಳುತ್ತ ನೇರವಾಗಿ ನಡೆಯಿತು. ಜನ ದಾರಿ ಬಿಟ್ಟರು. ಬಾಗಿಲು ಕಾಯುವವನು ಯಾರು ಅಂತ ಕೇಳಿದ, ಹೇಳಿತು. ಏನು ಅಂತ ಕೇಳಿದ, ಹೇಳಿತು. ಅವನು ಕೋಲು ಪಕ್ಕಕ್ಕಿಟ್ಟ.

ಮೇಷ್ಟ್ರು ಓದಿದರು. ಒಪ್ಪಿದರು. ತಲೆದೂಗಿದರು. "ಚೆನ್ನಾಗಿ ಬರೆದಿದ್ದಾನೆ" ಅಂದರು. ಅಂದು, ಆಮೇಲೆ ಉತ್ತರ ಕೊಡೋಣ ಅಂತ ಬದಿಗಿಟ್ಟರು.

ಇದೇ ನೋಡಿ ಊರು ಗಮನಿಸದೇ ಇದ್ದ ಸಂಗತಿ. ಬಾಗಿಲು ಕಾಯುವವನು ಆಮೇಲೆ ನಮಗೆ ಹೇಳಿದ್ದು. ಮೇಷ್ಟ್ರು ಯಾರಿಗೂ, ಯಾವತ್ತೂ, ಉತ್ತರ ಕೊಟ್ಟವರೇ ಅಲ್ಲ! ಬರೆಯುವುದೇನೋ ಬರೆಯುತ್ತಿದ್ದರು. ಕಳಿಸುತ್ತಿರಲಿಲ್ಲ. ಅವರ ಒಳಕೋಣೆಯ ತುಂಬ ಕಳಿಸದ ಉತ್ತರಗಳು, ಪೇಟ ಸುತ್ತಿ ಕಚ್ಚೆ ಉಟ್ಟು ಮದುವೆ ಗಂಡುಗಳ ಹಾಗೆ ಸಿಂಗರಿಸಿಕೊಂಡು, ಬಾಗಿಲು ತೆಗೆಯುವುದನ್ನೇ ಕಾಯುತ್ತ ಕೂತಿದ್ದವು. ಹುಡುಗರ ಮೇಲ್‌ಗಳ ಮೇಲೆ ಕೆಂಪು ಗೀಟು ಎಳೆದು ಎಳೆದು ಬದುಕಿದವರು. ತಮ್ಮ ಒಂದು ಸಾಲು ಬೀದಿಗಿಳಿದರೆ ಅದು ಕುಂಟುತ್ತದೋ ಉಗ್ಗುತ್ತದೋ, ಕಟ್ಟೆಯ ಮೇಲಿನ ನಮ್ಮಂಥವರು ನಕ್ಕರೆ? ಅದೊಂದು ಭಯ.

ಹೊರಗೆ ತಮಟೆ ಶುರುವಾಯಿತು. ಅಜ್ಜಿಯನ್ನು ಚಟ್ಟದ ಮೇಲೆ ಕೂರಿಸಿದ್ದರು. ಮಲಗಲು ಒಪ್ಪಲಿಲ್ಲ, ಮಂಡಿ ಮಡಚಲಾಗುವುದಿಲ್ಲ ಅಂತ ಕಾಲು ಚಾಚಿಕೊಂಡು ಕೂತಿದ್ದರು. ಹಿಂದೆ ಸೊಸೆ, ಸೋದರಮಾವ, ಬೋಳು ತಲೆಯ ಮಗ. ಮೊಮ್ಮಗ ಚಟ್ಟದ ಬಿದಿರು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ನಾಲ್ಕು ಜನ ಮುಂದಕ್ಕೆ.

ಆ ಸಾಧಾರಣ ಮನುಷ್ಯ ಮೇಷ್ಟ್ರ ಎದುರಿಂದ ಕದಲಲಿಲ್ಲ. "ಸರ್, ದೀಪ ಹಚ್ಚುವ ಹೊತ್ತು," ಅಂತು.

"ಬರೀತಿದ್ದೀನಪ್ಪಾ. ಸಂಬೋಧನೆ ಸರಿ ಹೋಗ್ತಿಲ್ಲ. 'ಪ್ರಿಯ' ಅಂದ್ರೆ ಸಲಿಗೆಯಾಯ್ತು..."

"ಒಂದೇ ಪದ ಸಾಕು."

"ಒಂದೇ ಪದ ಹೇಗಯ್ಯಾ ಕಳಿಸಲಿ? ಊರು ಏನನ್ನುತ್ತೆ?"

ತಮಟೆ ಕಿಟಕಿಯ ಕೆಳಗೇ ಬಂತು. ಮೇಷ್ಟ್ರು ಕಿಟಕಿ ತೆರೆದು ಬಗ್ಗಿ ನೋಡಿದರು. ಚಟ್ಟದ ಮೇಲಿನ ಅಜ್ಜಿ ತಲೆಯೆತ್ತಿ ನೋಡಿದರು.

"ಏನಪ್ಪಾ ಮೇಷ್ಟ್ರೇ," ಅಂದರು ಅಜ್ಜಿ, "ಇನ್ನೂ ಓದ್ತಾ ಇದ್ದೀರಾ?"

ಮೇಷ್ಟ್ರು ಕಣ್ಣು ಮುಚ್ಚಿ ಒತ್ತಿಬಿಟ್ಟರು. ಆ ಮನೆಯಿಂದ ಮೊಟ್ಟಮೊದಲ ಉತ್ತರ ಬೀದಿಗಿಳಿಯಿತು. "ಬದುಕಿದ್ದಾರೆ" ಅನ್ನುವ ಒಂದೇ ಪದ; ಇನ್ನೂ ನಡೆಯಲು ಕಲಿಯುತ್ತಿರುವ ಮಗುವಿನಷ್ಟಿತ್ತು. ಮೈಮೇಲೆ ನೂಲಿಲ್ಲ. ತೊದಲುತ್ತ, ಎಡವುತ್ತ, ಆ ಸಾಧಾರಣ ಮನುಷ್ಯನ ಬೆರಳು ಹಿಡಿದುಕೊಂಡು ಬಂದು ಚಟ್ಟದ ಮುಂದೆ ನಿಂತು ಹೇಳಿತು.

ಯಾರೂ ನಗಲಿಲ್ಲ. ನಾವೂ ನಗಲಿಲ್ಲ. ಸೊಸೆ ತಮಟೆಯವನ ಕೈ ಹಿಡಿದು ನಿಲ್ಲಿಸಿ, ಎಲ್ಲಿಂದ ತಂದಳೋ, ಒಂದು ಲೋಟ ಕಾಫಿ ಅತ್ತೆಯ ಕೈಗೆ ಕೊಟ್ಟಳು. ಸಕ್ಕರೆ ಜಾಸ್ತಿಯಾಗಿತ್ತಂತೆ.

ಅಜ್ಜಿ ಇಳಿದರು. ಆದರೆ ಒಂದು ಪೇಚು. ಕಟ್ಟಿ ಹೊರಟ ಚಟ್ಟ ಖಾಲಿ ಮರಳುವ ಪದ್ಧತಿ ಆ ಊರಲ್ಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೆಲವರು ಸೋದರಮಾವನ ಕಡೆ ನೋಡಿದ್ದೂ ಉಂಟು. ಆಗ ಅಜ್ಜಿ ಬೀದಿಯ ಬದಿಗೆ ಬೆರಳು ತೋರಿಸಿದರು. ಅಲ್ಲಿ, ಬೆಳಿಗ್ಗೆ ನನ್ನ ಪ್ರೀತಿಯ ಅಜ್ಜಿ ಅಂತ ಅತ್ತುಕೊಂಡು ಬಂದಿದ್ದ ಆ ತೇಪೆಯ ಸ್ಯಾಂಪಲ್, ಇನ್ನು ಹೇಳಲು ಏನೂ ಉಳಿಯದೆ, ಚರಂಡಿಯ ಕಲ್ಲಿನ ಮೇಲೆ ಕೂತಿತ್ತು.

"ದೀರ್ಘಕಾಲದ ಅಸೌಖ್ಯ ಇರೋದು ಇದಕ್ಕೆ," ಅಂದರು ಅಜ್ಜಿ.

ಅದು ತಾನಾಗಿಯೇ ಎದ್ದು ಬಂದು ಮಲಗಿಕೊಂಡಿತು. ಬಹಳ ದಣಿದಿತ್ತು ಅಂತ ಕಾಣುತ್ತದೆ. ಅಜ್ಜಿಯೇ ಮುಂದೆ ನಡೆದರು. ತಮಟೆ ಮತ್ತೆ ಎದ್ದಿತು. ಕಾಲೇಜಿಗೆ ಕಾಲೇಜೇ ಹಿಂದೆ ಬಂತು, ಹುಡುಗರು ನಿಜವಾಗಿ ಅತ್ತರು. ಬಡಗಣ ಬಾಗಿಲಲ್ಲಿ ಇಳಿಸಿದರು. ಹೋಗುವವರಿಗೆ ಅಲ್ಲಿ ಹತ್ತಿರದವರು ಎರಡು ಮಾತು ಹೇಳಿ ಕಳಿಸುವುದು ಕ್ರಮ. ಹತ್ತಿರದವನು ಎಂದರೆ ಸೀನಿಯರ್. ಎಲ್ಲರೂ ಅವನನ್ನು ಮುಂದೆ ದೂಡಿದರು.

ಅವನು ಬಾಯಿ ತೆರೆದ. ತನಗೆ ಬರುತ್ತಿದ್ದ ಮಾತುಗಳೆಲ್ಲ ಚಟ್ಟದ ಮೇಲೆ ಮಲಗಿದ್ದವು. ಬಾಯಿ ಮುಚ್ಚಿದ. ಮತ್ತೆ ತೆರೆದ. ದೀಪಗಳು ಹತ್ತುತ್ತಿದ್ದವು.

"ನೀನು..." ಅಂದ. "ನಿನ್ನ ನಾನು... ಅಂದ್ರೆ, ನಂಗೆ... ಯಾವತ್ತೂ, ಅದು ಹೆಂಗೆ..."

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಿ ತಿರುಗಿ ದುರುಗುಟ್ಟಿದರು. ಆಮೇಲೆ ಖಾಲಿ ಲೋಟ ಮೊಮ್ಮಗನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು.

"ಪರವಾಗಿಲ್ಲ ಮಗಾ," ಅಂದರು. "ಮುಂದೆ ಹೇಳು."